ಹಳೆಯ ಟ್ಯಾಂಕ್ ಎಂಜಿನ್: ಬಿಸಿಯಾದ ಮೇಲೆ ಇಂಜೆಕ್ಟರ್ ನೀರೆತ್ತುವುದಿಲ್ಲ

ಯಲಹಂಕ ಲೇತ್:
ಐದು ಅಂಗುಲ ಗೇಜಿನ (ಹಳಿಗಳ ನಡುವಿನ ಅಂತರ), ಕಲ್ಲಿದ್ದಲಿನಿಂದ ಓಡುವ ಹಳೆಯ ಟ್ಯಾಂಕ್ ಎಂಜಿನ್, ಅಂದರೆ ನೀರಿನ ಟ್ಯಾಂಕನ್ನು ಮೈಮೇಲೇ ಹೊತ್ತ ಪುಟ್ಟ ಹಬೆ ರೈಲೆಂಜಿನ್ ಒಂದನ್ನು ಮತ್ತೆ ಓಡುವ ಸ್ಥಿತಿಗೆ ತರುತ್ತಿದ್ದೇನೆ. ತಾಮ್ರದ ಬಾಯ್ಲರ್, ಕೆಲಸದ ಒತ್ತಡ ಚದರ ಅಂಗುಲಕ್ಕೆ 80 ಪೌಂಡ್. ನೀರು ತುಂಬಿ 120 ಪೌಂಡಿಗೆ ಪರೀಕ್ಷೆ ಮಾಡಿಸಿದ್ದಾಯಿತು, ಎಲ್ಲಿಯೂ ಒಸರಲಿಲ್ಲ. ಸಿಲಿಂಡರು, ವಾಲ್ವ್ ಗೇರ್ ಚೆನ್ನಾಗಿವೆ. ತಲೆನೋವೆಲ್ಲ ಹಬೆಯ ಬಲದಿಂದಲೇ ಬಾಯ್ಲರಿಗೆ ನೀರು ತುಂಬುವ ಇಂಜೆಕ್ಟರಿನದು. ಹಬೆ ಏರಿದ ಹೊಸತರಲ್ಲಿ ಸಣ್ಣಗೆ ಗುನುಗುತ್ತಾ ನೀರೆತ್ತುತ್ತದೆ. ಸ್ವಲ್ಪ ಹೊತ್ತು ಓಡಿಸಿದ ಮೇಲೆ ಓವರ್‌ಫ್ಲೋ ಕೊಳವೆಯಿಂದ ಬರೀ ಹಬೆ ಮತ್ತು ಬಿಸಿನೀರು ಉಗುಳುತ್ತದೆ. ಅದರೊಳಗಿನ ಸಣ್ಣ ರಂಧ್ರದ ಕೋನ್‌ಗಳನ್ನು ಬಿಚ್ಚಿ ನಿಂಬೆ ಉಪ್ಪಿನ ನೀರಿನಲ್ಲಿ ರಾತ್ರಿಯಿಡೀ ನೆನೆಸಿದೆ. ಬಿಳಿ ಪದರ ಹೋಯಿತು, ಕಾಯಿಲೆ ಹೋಗಲಿಲ್ಲ. ಹೊಸದನ್ನು ತರಿಸಲೇಬೇಕೇ? ವಿದೇಶದಿಂದ ಬರಬೇಕು, ಸುಂಕ ಸೇರಿದರೆ ಕೈ ಸುಡುತ್ತದೆ.

ಗೇಜ್ ಗ್ಲಾಸ್:
ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಇಂಜೆಕ್ಟರ್ ಕೈಕೊಡುವುದಕ್ಕೆ ಅದೇ ಕಾರಣ ಇರಬಹುದೇ?

ಹಳೇ ಶೆಡ್ ಫಿಟ್ಟರ್:
ಬೆಳಗ್ಗೆ ನೀರೆತ್ತಿದ ಇಂಜೆಕ್ಟರ್ ಮಧ್ಯಾಹ್ನ ಎತ್ತುವುದಿಲ್ಲವೆಂದರೆ, ಅಷ್ಟರಲ್ಲಿ ಬೆಂಗಳೂರು ಇನ್ನಷ್ಟು ಮೇಲೇರಿತೇ ಸ್ವಾಮಿ? ಎತ್ತರದ ಮಾತು ಬಿಡಿ. ಇದು ಬಿಸಿಯ ಕಾಯಿಲೆ. ಹೊಸ ಇಂಜೆಕ್ಟರ್ ತರಿಸಿದರೂ ಅದೂ ಹೀಗೆಯೇ ಉಗುಳುತ್ತದೆ.

1858ರಲ್ಲಿ ಫ್ರಾನ್ಸಿನ ಜಿಫಾರ್ ರೂಪಿಸಿದ ಈ ಉಪಕರಣದಲ್ಲಿ ಓಡಾಡುವ ಭಾಗವೇ ಇಲ್ಲ. ಕಿರಿದಾದ ಕೋನ್‌ನಿಂದ ರಭಸವಾಗಿ ಹೊರಟ ಹಬೆ ತಣ್ಣೀರಿಗೆ ಸಿಕ್ಕು ಅಲ್ಲೇ ನೀರಾಗುತ್ತದೆ, ತನ್ನ ವೇಗವನ್ನು ಆ ನೀರಿಗೆ ಕೊಡುತ್ತದೆ. ಮುಂದಿನ ಕೋನ್‌ನಲ್ಲಿ ಆ ವೇಗವೇ ಒತ್ತಡವಾಗಿ, ಬಾಯ್ಲರಿನ ಒತ್ತಡವನ್ನು ಮೀರಿ ನೀರನ್ನು ಒಳಕ್ಕೆ ನುಗ್ಗಿಸುತ್ತದೆ. ಬರುವ ನೀರು ಬೆಚ್ಚಗಿದ್ದರೆ, ಇಲ್ಲವೇ ಇಂಜೆಕ್ಟರಿನ ಮೈಯೇ ಕಾದಿದ್ದರೆ ಹಬೆ ಪೂರ್ತಿ ನೀರಾಗುವುದಿಲ್ಲ. ಆಟ ಅಲ್ಲಿಗೇ ನಿಂತಿತು. ಚಿಕ್ಕ ಎಂಜಿನ್‌ಗಳ ಕೋನ್ ರಂಧ್ರ ಒಂದು ಮಿಲಿಮೀಟರಿಗೂ ಕಡಿಮೆ, ಕ್ಷಮೆ ಎಂಬುದೇ ಇಲ್ಲ.

ಬಿಸಿ ಎಲ್ಲಿಂದ ಬರುತ್ತಿದೆ ಎಂದು ಮೊದಲು ಪತ್ತೆ ಮಾಡಿ. ಹಬೆ ಪೂರ್ತಿ ಏರಿದಾಗ, ಇಂಜೆಕ್ಟರನ್ನು ಕೆಲಹೊತ್ತು ಮುಟ್ಟದೆ ಬಿಟ್ಟು, ಬಾಯ್ಲರಿಗೆ ಹೋಗುವ ಕೊಳವೆಯ ಇಂಜೆಕ್ಟರ್ ಕಡೆಯ ತುದಿಗೆ ಎರಡು ಹನಿ ನೀರು ಬಿಡಿ. ಚುರ್ ಎಂದರೆ, ನೀರು ಹಿಂದಿರುಗದಂತೆ ಬಾಲ್ ಒಂದರಿಂದ ತಡೆಯುವ ಕ್ಲ್ಯಾಕ್ ವಾಲ್ವ್ ಸೋರುತ್ತಿದೆ, ಬಾಯ್ಲರಿನ ಕುದಿನೀರು ಹಿಂದಕ್ಕೆ ಬರುತ್ತಿದೆ ಎಂದೇ ಅರ್ಥ. ಎಲ್ಲ ಮುಚ್ಚಿದ್ದರೂ ಓವರ್‌ಫ್ಲೋ ತುದಿಯಲ್ಲಿ ಹಬೆಯ ಎಳೆ ಕಂಡರೆ ಹಬೆಯ ವಾಲ್ವನ್ನೂ ನೋಡಿ. ಆಮೇಲೆ ಟ್ಯಾಂಕಿನ ಕೊಳವೆ ಬಿಚ್ಚಿ, ಇಂಜೆಕ್ಟರಿಗಿಂತ ಎತ್ತರದಲ್ಲಿ ಬಕೆಟ್ ಇಟ್ಟು, ರಬ್ಬರ್ ಕೊಳವೆಯಲ್ಲಿ ತಣ್ಣೀರು ಕೊಡಿ. ಆಗ ಎತ್ತಿದರೆ ತಪ್ಪು ಟ್ಯಾಂಕಿನದು. ನಿಮ್ಮದರಲ್ಲಿ ಟ್ಯಾಂಕುಗಳು ಬಾಯ್ಲರನ್ನು ತಬ್ಬಿಕೊಂಡೇ ಇರುತ್ತವೆ. ಅದರ ಮೇಲೆ ಏಪ್ರಿಲ್ ಮಧ್ಯಾಹ್ನ ತಾರಸಿ ಟ್ಯಾಂಕಿನ ನೀರು ತುಂಬಿದರಂತೂ ಮುಗಿಯಿತು.

ಬಕೆಟ್ ಪರೀಕ್ಷೆಯಲ್ಲೂ ಗುಳ್ಳೆ ಗುಳ್ಳೆಯಾಗಿ ಉಗುಳಿದರೆ ನೀರಿನ ಕಡೆಯ ಜೋಡಣೆಯಲ್ಲಿ ಗಾಳಿ ನುಗ್ಗುತ್ತಿದೆ, ನಟ್ಟುಗಳನ್ನು ನೋಡಿ. ಕೋನ್‌ಗೆ ಉಕ್ಕಿನ ತಂತಿ ಮಾತ್ರ ತೂರಿಸಬೇಡಿ. ಒಂದು ಗೀರು ಬಿದ್ದರೆ ಕೋನ್ ಕೆಟ್ಟಿತೆಂದೇ ಲೆಕ್ಕ.

ಯಲಹಂಕ ಲೇತ್:
ಕೊಳವೆ ಚುರ್ ಎಂದಿತು! ಕ್ಲ್ಯಾಕ್ ಬಿಚ್ಚಿದೆ. ಬಾಲ್ ಕೂರುವ ಅಂಚಿನಲ್ಲಿ ಒಂದು ಕಡೆ ಕೂದಲೆಳೆಯಂಥ ಕಪ್ಪು ಗೆರೆ, ಬಾಲ್ ಮೇಲೆ ತುಕ್ಕಿನ ಚುಕ್ಕೆ. ಸೀಟ್ ಸರಿಪಡಿಸುವುದು ಹೇಗೆ?

ಹಳೇ ಶೆಡ್ ಫಿಟ್ಟರ್:
ತುಕ್ಕು ಹಿಡಿದಿದೆ ಎಂದರೆ ಯಾರೋ ಮಾಮೂಲಿ ಬೇರಿಂಗ್ ಬಾಲ್ ಹಾಕಿದ್ದಾರೆ. ಸೀಟಿನ ಮುಖವನ್ನು ರೀಮರಿನಿಂದ ಹಗುರವಾಗಿ ಒಂದು ಸುತ್ತು ಸಮ ಮಾಡಿ. ಅದೇ ಅಳತೆಯ ಬೇರೊಂದು ಉಕ್ಕಿನ ಬಾಲ್ ಕೂರಿಸಿ, ಹಿತ್ತಾಳೆ ಸರಳಿಟ್ಟು ಚಿಕ್ಕ ಸುತ್ತಿಗೆಯಿಂದ ಒಂದೇ ಏಟು ಹಾಕಿ. ಏಟು ತಿಂದ ಬಾಲ್ ಎಸೆದು ಹೊಸ ಸ್ಟೇನ್‌ಲೆಸ್ ಬಾಲ್ ಹಾಕಿ. ಎಸ್‌ಜೆಪಿ ರಸ್ತೆಯ ಕಡೆ ಬೇರಿಂಗ್ ಅಂಗಡಿಗಳಲ್ಲಿ ವಿಚಾರಿಸಿ.

ಗೇಜ್ ಗ್ಲಾಸ್:
ನಡುವೆ ಒಂದು ಪ್ರಶ್ನೆ. ಇಂಥ ಬಾಯ್ಲರಿಗೆ ಸರ್ಕಾರದ ಪರವಾನಗಿ ಬೇಡವೇ?

ಹಳೇ ಶೆಡ್ ಫಿಟ್ಟರ್:
1923ರ ಬಾಯ್ಲರ್ ಕಾಯಿದೆಗೆ 2007ರಲ್ಲಿ ತಂದ ತಿದ್ದುಪಡಿಯಲ್ಲೇ 25 ಲೀಟರಿಗಿಂತ ಚಿಕ್ಕದನ್ನು ಹೊರಗಿಟ್ಟಿದ್ದರು. ಹಾಗೆಂದು ಪರೀಕ್ಷೆ ಬಿಡುವಂತಿಲ್ಲ, ಕುದಿನೀರಿಗೆ ಕಾಯಿದೆ ಗೊತ್ತಿಲ್ಲ.

ಯಲಹಂಕ ಲೇತ್:
ಸೀಟ್ ಸರಿಯಾಯಿತು, ಕೊಳವೆ ಈಗ ತಣ್ಣಗಿದೆ. ಬಕೆಟ್ಟಿನಿಂದ ಕೊಟ್ಟರೆ ಎಷ್ಟು ಹೊತ್ತಾದರೂ ಎತ್ತುತ್ತದೆ. ಟ್ಯಾಂಕಿನಿಂದಾದರೆ ಮೊದಲಿಗಿಂತ ಬಹಳ ವಾಸಿ, ಆದರೆ ಟ್ಯಾಂಕ್ ಅರ್ಧಕ್ಕಿಳಿದ ಮೇಲೆ ಮತ್ತೆ ಮುನಿಸಿಕೊಳ್ಳುತ್ತದೆ.

ಹಳೇ ಶೆಡ್ ಫಿಟ್ಟರ್:
ಉಳಿದ ನೀರು ಬೇಗ ಕಾಯುತ್ತದೆ, ಅಷ್ಟೇ. ಬಾಯ್ಲರಿಗೂ ಟ್ಯಾಂಕಿಗೂ ನಡುವೆ ಜಾಗವಿದ್ದರೆ ತೆಳು ಕಾರ್ಕ್ ಹಾಳೆ ತೂರಿಸಿ, ಅರ್ಧಕ್ಕಿಳಿಯುವ ಮುಂಚೆಯೇ ತಣ್ಣೀರು ತುಂಬಿ. ಬೋರ್ ನೀರು ಬೇಡ, ಕೋನ್‌ನಲ್ಲಿ ಮತ್ತೆ ಸುಣ್ಣ ಕಟ್ಟುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಶೋಧಿಸಿ ಅದನ್ನೇ ಬಳಸಿ. ಕೈಪಂಪು ಸದಾ ಕೆಲಸ ಮಾಡುವಂತಿರಲಿ. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸಿನಲ್ಲಿ ನೀರು ಕಾಣದಿದ್ದರೆ ಇಂಜೆಕ್ಟರಿನ ಜೊತೆ ಗುದ್ದಾಡಬೇಡಿ, ಮೊದಲು ಬೆಂಕಿ ಕೆಳಗೆ ಎಳೆಯಿರಿ.