ಸಹಾಯ ಬೇಕು: ರೀಬಿಲ್ಟ್ ಟೈಟಲ್ ಇರುವ ಸಿವಿಕ್ ತಗೋಬಹುದಾ?

ಎಲ್ಲರಿಗೂ ನಮಸ್ಕಾರ. ನಾನು ಹ್ಯೂಸ್ಟನ್‌ಗೆ ಬಂದು ಎಂಟು ತಿಂಗಳಾಯಿತು. ಇಲ್ಲಿ ಕಾರಿಲ್ಲದೆ ಹಾಲು ತರುವುದೂ ಕಷ್ಟ, ನಿಮಗೇ ಗೊತ್ತು.

2019ರ ಹೋಂಡಾ ಸಿವಿಕ್ ಒಂದು ನೋಡಿದ್ದೇನೆ. 62 ಸಾವಿರ ಮೈಲಿ ಓಡಿದೆ. 9,800 ಡಾಲರ್ ಹೇಳುತ್ತಿದ್ದಾರೆ. ಇಂಥದ್ದೇ ಕಾರು ಕ್ಲೀನ್ ಟೈಟಲ್ (ಟೈಟಲ್ ಅಂದರೆ ಕಾರಿನ ಮಾಲೀಕತ್ವದ ಪತ್ರ) ಇದ್ದರೆ 15 ಸಾವಿರದ ಹತ್ತಿರ ಕೇಳುತ್ತಾರೆ. ರೇಟು ನೋಡಿ ಖುಷಿಪಟ್ಟೆ. ಆಮೇಲೆ ಟೈಟಲ್ ನೋಡಿದರೆ ‘ರೀಬಿಲ್ಟ್ ಸಾಲ್ವೇಜ್’. ಅಂದರೆ ಇನ್ಶೂರೆನ್ಸ್‌ನವರು ಒಮ್ಮೆ ಟೋಟಲ್ ಲಾಸ್ ಅಂತ ಕೈಬಿಟ್ಟ ಕಾರು, ಯಾರೋ ರಿಪೇರಿ ಮಾಡಿಸಿ ಮತ್ತೆ ರಸ್ತೆಗೆ ತಂದಿದ್ದಾರೆ.

‘ಹಿಂದಿನಿಂದ ಗುದ್ದಿದ್ದರು, ಅಷ್ಟೇ’ ಅನ್ನುತ್ತಾರೆ ಮಾರುವವರು. ಆದರೆ ನಾನು ಡಿಕ್ಕಿಯ ಮ್ಯಾಟ್ ಎತ್ತಿ ನೋಡಿದೆ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಒಣಗಿದ ಕೆಸರಿನ ಗೆರೆ, ಬೋಲ್ಟಿಗೆ ತುಕ್ಕು. ಒಳಗೆ ಏರ್ ಫ್ರೆಶ್‌ನರ್ ವಾಸನೆ ಬೇರೆ ಮೂಗಿಗೆ ಹೊಡೆಯುತ್ತಿತ್ತು. 2017ರ ಹಾರ್ವೆ ಚಂಡಮಾರುತದಲ್ಲಿ ಈ ಊರಿನ ಲೆಕ್ಕವಿಲ್ಲದಷ್ಟು ಕಾರು ಮುಳುಗಿದ್ದವು. ಇದು ಅದಾದ ಮೇಲಿನ ಕಾರು ನಿಜ, ಆದರೆ ಮಳೆ ಅಲ್ಲಿಗೇ ನಿಂತಿಲ್ಲವಲ್ಲ! ವಿಐಎನ್ ನಂಬರ್ (ಪ್ರತಿ ಕಾರಿಗೂ ಇರುವ ಗುರುತಿನ ನಂಬರ್) ಹಾಕಿ ಕಾರಿನ ಹಳೆಯ ದಾಖಲೆಯ ರಿಪೋರ್ಟ್ ತೆಗೆಸಿದೆ. ಟೋಟಲ್ ಲಾಸ್ ಅಂತಷ್ಟೇ ಇದೆ, ಕಾರಣ ಇಲ್ಲ. ಏರ್‌ಬ್ಯಾಗ್ ದೀಪವೇನೋ ಸರಿಯಾಗಿ ಹತ್ತಿ ಆರುತ್ತದೆ.

ಒಂದು ಇನ್ಶೂರೆನ್ಸ್ ಕಂಪನಿಯವರು ಲಯಬಿಲಿಟಿ (ನಮ್ಮಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ) ಮಾತ್ರ ಕೊಡುತ್ತೇವೆ ಅಂದರು. ನಮ್ಮ ಕಾರಿನ ನಷ್ಟಕ್ಕೂ ಸೇರಿಸಿ ಫುಲ್ ಕವರೇಜ್ ಯಾರಾದರೂ ಕೊಡುತ್ತಾರಾ? ಮೆಕ್ಯಾನಿಕ್ ಹತ್ತಿರ ತೋರಿಸಿದರೆ ನೀರು ಹೊಕ್ಕಿದ್ದು ಗೊತ್ತಾಗುತ್ತದಾ, ಇಲ್ಲ ವೈರಿಂಗ್ ಎರಡು ವರ್ಷ ಬಿಟ್ಟು ಕೈಕೊಡುತ್ತದಾ? ರೀಬಿಲ್ಟ್ ಕಾರು ಓಡಿಸಿದವರು, ಮುಖ್ಯವಾಗಿ ಆಮೇಲೆ ಮಾರಿದವರು, ದಯವಿಟ್ಟು ಹೇಳಿ. ಅಪ್ಪನಿಗೆ ಇನ್ನೂ ಹೇಳಿಲ್ಲ, ಸುಮ್ನೆ ಬೈಸಿಕೊಳ್ಳೋದು ಯಾಕೆ ಅಂತ. ಶನಿವಾರದೊಳಗೆ ಮಾರುವವರಿಗೆ ಉತ್ತರ ಕೊಡಬೇಕು.