ಅಪ್‌ಡೇಟ್: ಎಪಿಆರ್‌ಎಸ್ ಪ್ಯಾಕೆಟ್ ಕೊನೆಗೂ ಡಿಕೋಡ್ ಆಯ್ತು

ಹೋದ ವಾರ ಕೇಳಿದ್ನಲ್ಲ, ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಡೈರ್‌ವುಲ್ಫ್ (ಡೇಟಾನ ಸದ್ದು ಮಾಡೋ ಸಾಫ್ಟ್‌ವೇರ್), ಒಂದು ಅಗ್ಗದ ಹ್ಯಾಂಡಿ (ಕೈಲಿ ಹಿಡಿಯೋ ಹ್ಯಾಮ್ ರೇಡಿಯೋ) ಸೇರಿಸಿ ಕಾರಿಗೆ ಎಪಿಆರ್‌ಎಸ್ ಟ್ರ್ಯಾಕರ್ ಮಾಡಿದೀನಿ, ಅಂದ್ರೆ ಕಾರು ಎಲ್ಲಿದೆ ಅಂತ ರೇಡಿಯೋದಲ್ಲಿ ಪುಟ್ಟ ಡೇಟಾ ಪ್ಯಾಕೆಟ್ ಆಗಿ ಕಳ್ಸೋದು, ಫ್ರೆಂಡ್ ರೇಡಿಯೋದಲ್ಲಿ ಕರ್ರ್ ಅಂತ ಸದ್ದು ಜೋರಾಗೇ ಕೇಳುತ್ತೆ ಆದ್ರೆ ಒಂದು ಪ್ಯಾಕೆಟ್ಟೂ ಡಿಕೋಡ್ ಆಗ್ತಿಲ್ಲ ಅಂತ. ಸರಿಹೋಯ್ತು.

ಆಂಟೆನಾ ಬದಲಿಸಿ ಅಂದ್ರಿ, ಮ್ಯಾಗ್ನೆಟ್ ಮೌಂಟ್ ತಂದೆ, ದುಡ್ಡು ದಂಡ (ಇರ್ಲಿ, ಮಾತಾಡೋಕೆ ಆಗುತ್ತೆ). ಟಿಎಕ್ಸ್‌ಡಿಲೇ (ರೇಡಿಯೋ ಆನ್ ಆದ್ಮೇಲೆ ಡೇಟಾ ಶುರುವಾಗೋಕೆ ಮುಂಚೆ ಕಾಯೋ ಸಮಯ) 30ರಿಂದ 50ಕ್ಕೆ, ಅಂದ್ರೆ 300 ಮಿಲಿಸೆಕೆಂಡಿಂದ 500ಕ್ಕೆ ಏರಿಸಿದ್ರೂ ಅದೇ ರಾಗ. ಕೆಲಸ ಮಾಡಿದ್ದು "ಆಡಿಯೋ ಕಮ್ಮಿ ಮಾಡಿ ನೋಡಿ ಗುರು" ಅಂತ ಒಬ್ರು ಒಂದೇ ಸಾಲಲ್ಲಿ ಹೇಳಿದ್ದು. ಜೋರಿದ್ರೆ ದೂರ ಹೋಗುತ್ತೆ ಅಂದ್ಕೊಂಡು ಸೌಂಡ್‌ಕಾರ್ಡ್ ಫುಲ್ ಇಟ್ಟಿದ್ದೆ, ಅದು ಸೀದಾ ಹ್ಯಾಂಡಿಯ ಮೈಕ್ ಇನ್‌ಪುಟ್‌ಗೆ ನುಗ್ಗಿ, ಡೇಟಾ ಹೊರೋ 1200, 2200 ಹರ್ಟ್ಸ್ ಟೋನ್ ಎರಡೂ ಹರಿದು ಚಿಂದಿ ಆಗ್ತಿದ್ವು. ಆಲ್ಸಾಮಿಕ್ಸರ್‌ನಲ್ಲಿ (ಪೈನ ವಾಲ್ಯೂಮ್ ಕಂಟ್ರೋಲ್) ಒಂದೊಂದೇ ಗೆರೆ ಇಳಿಸ್ತಾ ಬಂದೆ, ಕಾಲು ಭಾಗಕ್ಕಿಂತ ಕೆಳಗೆ ಬಂದಾಗ ಫ್ರೆಂಡ್ "ಬಂತು ಬಂತು" ಅಂತ ಕೂಗಿದ, ಮ್ಯಾಪಲ್ಲಿ ಪುಟಾಣಿ ಕಾರು!

ರಿಸೀವ್ ಸೈಡಲ್ಲೂ ಒಂದು ತರ್ಲೆ ಇತ್ತು, ಹ್ಯಾಂಡಿಯ ಬ್ಯಾಟರಿ ಸೇವ್ ಆನ್ ಇದ್ರೆ ಅದು ಮಧ್ಯೆ ಮಧ್ಯೆ ತೂಕಡಿಸಿ ಪ್ಯಾಕೆಟ್‌ನ ಶುರು ಭಾಗ ನುಂಗಿಬಿಡುತ್ತೆ. ಮೆನುವಲ್ಲಿ ಆಫ್ ಮಾಡಿ.

ಇನ್ನೊಂದು ನಂಗೆ ಗೊತ್ತೇ ಇರ್ಲಿಲ್ಲ, ಇಂಟರ್‌ನ್ಯಾಷನಲ್ ಸ್ಪೇಸ್ ಸ್ಟೇಷನ್‌ನಲ್ಲೂ ಡಿಜಿಪೀಟರ್ (ಬಂದ ಪ್ಯಾಕೆಟ್‌ನ ಮತ್ತೆ ಪ್ರಸಾರ ಮಾಡೋದು) ಇದ್ಯಂತೆ, 145.825 ಮೆಗಾಹರ್ಟ್ಸ್, ಪಾತ್‌ನಲ್ಲಿ (ಪ್ಯಾಕೆಟ್ ಯಾರ ಮೂಲಕ ಹೋಗ್ಬೇಕು ಅಂತ ಬರೆಯೋ ಜಾಗ) ಎಆರ್‌ಐಎಸ್‌ಎಸ್ ಅಂತ ಹಾಕ್ಬೇಕು ಅಷ್ಟೇ. ಡಾಪ್ಲರ್ (ಸ್ಟೇಷನ್ ಓಡೋ ವೇಗಕ್ಕೆ ಫ್ರೀಕ್ವೆನ್ಸಿ ಜರುಗೋದು) ಸುಮಾರು ಮೂರೂವರೆ ಕಿಲೋಹರ್ಟ್ಸ್ ಮಾತ್ರ, ಎಫ್‌ಎಂ ಆದ್ರಿಂದ ಟ್ಯೂನಿಂಗ್ ಮುಟ್ಟಲೇ ಇಲ್ಲ. ಮೊನ್ನೆ ಸಂಜೆ ಟೆರೇಸ್ ಮೇಲೆ ನಿಂತು ಮೂರು ಸಲ ಕಳ್ಸಿದೆ, ಮೂರನೇದಕ್ಕೆ ನನ್ನ ಕಾಲ್‌ಸೈನೇ (ಹ್ಯಾಮ್ ರೇಡಿಯೋ ಗುರುತು) ಮೇಲಿಂದ ವಾಪಸ್ ಬಂತು.