ಸಾಗವಾನಿ ಬಾಗಿಲಿಗೆ ಪಿಯು ಪಾಲಿಶ್: ಎರಡನೇ ಕೋಟ್‌ನಲ್ಲಿ ಗುಳ್ಳೆಯೋ ಗುಳ್ಳೆ

ಸಾಗವಾನಿ_ರಾಯಚೂರು:
ತಲೆ ಕೆಟ್ಟು ಹೋಗಿದೆ. ತಲೆಬಾಗಿಲಿಗೆ ಪಿಯು, ಅಂದರೆ ಪಾಲಿಯುರೇಥೇನ್ ಪಾಲಿಶ್ ಹೊಡೆದೆ. ಮೊದಲ ಕೋಟ್ ಚೆನ್ನಾಗಿ ಬಂತು. ಎರಡನೇ ಕೋಟ್ ಹೊಡೆದು ಅರ್ಧ ಗಂಟೆ ಆಗಿರಲಿಲ್ಲ, ಮೈತುಂಬ ಸಾಸಿವೆ ಕಾಳಿನಷ್ಟು ಗುಳ್ಳೆ. ಪೇಪರ್ ಹಾಕಿ ತಿಕ್ಕಿ ಮತ್ತೆ ಹೊಡೆದೆ, ಮತ್ತೆ ಅದೇ. ಡಬ್ಬಿ ಒಳ್ಳೆಯ ಕಂಪನಿಯದು, ಮಿಕ್ಸಿಂಗ್ ಸರಿಯಾಗಿಯೇ ಇದೆ. ಗೃಹಪ್ರವೇಶ ಹತ್ತಿರ ಬಂದಿದೆ. ಏನು ಮಾಡಲಿ?

ಉಳಿಸುತ್ತಿಗೆ_ಸಿರುಗುಪ್ಪ:
ಥಿನ್ನರ್ ಯಾವುದು ಅಣ್ಣಾ? ಎನ್‌ಸಿ (ನೈಟ್ರೊಸೆಲ್ಯುಲೋಸ್) ಪಾಲಿಶ್‌ಗೆ ಹಾಕುವ ಥಿನ್ನರ್ ಹಾಕಿದರೆ ಹೀಗೇ ಆಗುವುದು.

ಸಾಗವಾನಿ_ರಾಯಚೂರು:
ಪಿಯು ಥಿನ್ನರ್ರೇ ರೀ.

ಉಳಿಸುತ್ತಿಗೆ_ಸಿರುಗುಪ್ಪ:
ಸೀಲ್ ಡಬ್ಬಿಯೋ, ಅಂಗಡಿಯಲ್ಲಿ ಲೂಸ್ ತುಂಬಿ ಕೊಟ್ಟದ್ದೋ? ಲೂಸ್ ಆಗಿದ್ದರೆ ಅದರಲ್ಲಿ ಎನ್‌ಸಿ ಬೆರೆತಿರುತ್ತದೆ. ನಾನು ಎಷ್ಟೋ ಬಾಗಿಲು ನೋಡಿದ್ದೇನೆ. ಮೊದಲು ಅದನ್ನು ಹೇಳಿ.

ರಸಾಯನ_ಕೊಪ್ಪಳ:
ಎನ್‌ಸಿ ಥಿನ್ನರ್‌ನದು ಬೇರೆ ರೋಗ. ನೀವು ಕಲಸುವ ಎರಡು ಡಬ್ಬಿಗಳಲ್ಲಿ ಒಂದು ಬೇಸ್, ಇನ್ನೊಂದು ಅದನ್ನು ಗಟ್ಟಿ ಮಾಡುವ ಹಾರ್ಡ್ನರ್. ಬೇಸ್‌ನಲ್ಲಿ ಪಾಲಿಯಾಲ್ ಎಂಬ ರಾಸಾಯನಿಕ ಇರುತ್ತದೆ, ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಎಂಬುದು. ಇವೆರಡೂ ಕೂಡಿದಾಗ ಆಗುವ ಕೊಂಡಿಗೇ ಯುರೇಥೇನ್ ಅನ್ನುವುದು. ಅಂಥ ಕೊಂಡಿಗಳು ಬಲೆಯ ಹಾಗೆ ಬೆಳೆದರೆ ಪಾಲಿಯುರೇಥೇನ್. ಇದನ್ನು 1937ರಲ್ಲಿ ಜರ್ಮನಿಯಲ್ಲಿ ಓಟೊ ಬೇಯರ್ ತಂಡ ಮಾಡಿ ತೋರಿಸಿತು. ಎನ್‌ಸಿ ಥಿನ್ನರ್‌ನಲ್ಲಿ ಆಲ್ಕೊಹಾಲ್ ಇರುತ್ತದೆ. ಅದು ಹಾರ್ಡ್ನರನ್ನು ತಾನೇ ತಿಂದುಬಿಡುತ್ತದೆ. ಆಗ ಪಾಲಿಶ್ ಮೆತ್ತಗೆ, ಅಂಟಂಟಾಗಿ ಉಳಿಯುತ್ತದೆ. ನಿಮ್ಮದು ಗಟ್ಟಿಯಾಗಿದೆ, ಆದರೆ ಗುಳ್ಳೆ ಬಂದಿದೆ. ಇದಕ್ಕೆ ಮೊದಲು ಹಿಡಿಯಬೇಕಾದದ್ದು ನೀರನ್ನು. ಐಸೊಸಯನೇಟ್‌ಗೆ ನೀರು ಸಿಕ್ಕರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಒಂದೇ ಗ್ರಾಂ ನೀರಿನಿಂದ 1 ಲೀಟರ್‌ಗಿಂತ ಜಾಸ್ತಿ ಅನಿಲ! ಸೋಫಾ, ಹಾಸಿಗೆಯ ಫೋಮ್ ಉಬ್ಬಿಸುವುದಕ್ಕೆ ಬೇಕೆಂದೇ ಇದನ್ನು ಬಳಸುತ್ತಾರೆ. ಬಾಗಿಲಿಗೆ ಅದು ಬೇಡ. ನೀರು ಎಲ್ಲಿಂದ ಬರುತ್ತಿದೆ, ಅದನ್ನು ಹುಡುಕಿ.

ಬೆಲ್ಟ್_ತೋರಣಗಲ್ಲು:
ಯುರೇಥೇನ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ನಮ್ಮಲ್ಲಿ ಅದಿರಿನ ಕನ್ವೇಯರ್ ಬೆಲ್ಟ್ ಕೆರೆಯುವ ಬ್ಲೇಡ್‌ಗಳೆಲ್ಲ ಅದರದ್ದೇ, ರಬ್ಬರಿನಂಥವುಗಳ ಗಡಸು ಅಳೆಯುವ ಶೋರ್ ಎ ಮಾಪಕದಲ್ಲಿ 85, 90. ಅದಿರು ತಿಕ್ಕಿ ತಿಕ್ಕಿ ಹೋದರೂ ರಬ್ಬರ್‌ಗಿಂತ ಎಷ್ಟೋ ಬಾಳುತ್ತದೆ. ಹಳೆಯ ಬ್ಲೇಡ್ ಕತ್ತರಿಸಿ ನನ್ನ ಡ್ರಿಲ್ ಮಷಿನ್ ಸ್ಟ್ಯಾಂಡ್‌ಗೆ ಕಾಲು ಮಾಡಿದ್ದೇನೆ. ಎಷ್ಟು ಜೋರಾಗಿ ಓಡಿಸಿದರೂ ಅಲುಗಾಡುವುದಿಲ್ಲ. ಫೋಟೋ ಹಾಕಲಾ?

ಗಿರಣಿ_ಗಂಗಾವತಿ:
ಫೋಟೋ ಆಮೇಲೆ. ಯುರೇಥೇನ್ ಕ್ಯಾನ್ಸರ್ ತರುತ್ತದೆ ಎಂದು ಓದಿದ್ದೇನೆ. ಮಕ್ಕಳು ಮುಟ್ಟುವ ಬಾಗಿಲಿಗೆ ಇದನ್ನು ಯಾಕೆ ಹೊಡೆಯಬೇಕು?

ರಸಾಯನ_ಕೊಪ್ಪಳ:
ಸರ್, ನೀವು ಓದಿದ್ದು ಎಥೈಲ್ ಕಾರ್ಬಮೇಟ್ ಬಗ್ಗೆ. ಅದಕ್ಕೂ ಯುರೇಥೇನ್ ಅಂತಾರೆ. ಬಿಳಿ ಹರಳಿನಂಥ ಪುಡಿ. ಹಿಂದೆ ಪ್ರಯೋಗಾಲಯದ ಪ್ರಾಣಿಗಳಿಗೆ ಮಂಪರು ಬರಿಸಲು ಬಳಸುತ್ತಿದ್ದರು. ಹುದುಗಿಸಿದ ಪದಾರ್ಥಗಳಲ್ಲಿ, ಮದ್ಯದಲ್ಲಿ ಅದು ತಾನಾಗಿ ಸ್ವಲ್ಪ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಪಟ್ಟಿಯಲ್ಲಿ, ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವ ಇರುವ 2ಎ ಗುಂಪಿನಲ್ಲಿದೆ, ನಿಜ. ಆದರೆ ಪಾಲಿಯುರೇಥೇನ್ ಅದರಿಂದ ಮಾಡಿದ್ದಲ್ಲ.

ಗಿರಣಿ_ಗಂಗಾವತಿ:
ಹಾಗಾದರೆ ಅಪಾಯವೇ ಇಲ್ಲ ಅಂತೀರಾ?

ರಸಾಯನ_ಕೊಪ್ಪಳ:
ಹಾಗೆ ಹೇಳಲಿಲ್ಲ. ಪೂರ್ತಿ ಗಟ್ಟಿಯಾದ ಬಾಗಿಲು ಮುಟ್ಟಿದರೆ ಏನೂ ಇಲ್ಲ. ಹೊಡೆಯುವವನಿಗೆ ಅಪಾಯ. ಐಸೊಸಯನೇಟ್ ಆವಿ, ಅದರಲ್ಲೂ ಸ್ಪ್ರೇ ಮಾಡುವಾಗ ಏಳುವ ಮಂಜು, ಆಸ್ತಮಾ ತರುತ್ತದೆ. ಒಮ್ಮೆ ಮೈಗೆ ಒಗ್ಗದೆ ಹೋದರೆ ಆಮೇಲೆ ಸ್ವಲ್ಪ ಸಾಕು, ಉಸಿರು ಕಟ್ಟುತ್ತದೆ. ಬಟ್ಟೆ ಕಟ್ಟಿಕೊಂಡರೆ, ಧೂಳಿನ ಮಾಸ್ಕ್ ಹಾಕಿದರೆ ಸಾಲದು. ನಮ್ಮ ಪೇಂಟರ್ ಹುಡುಗರು ಟವೆಲ್ ಸುತ್ತಿಕೊಂಡು ಸ್ಪ್ರೇ ಮಾಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಉಳಿಸುತ್ತಿಗೆ_ಸಿರುಗುಪ್ಪ:
ಥಿನ್ನರ್ ಲೂಸ್ ತಂದದ್ದೋ ಅಲ್ಲವೋ, ಇನ್ನೂ ಹೇಳಲಿಲ್ಲ.

ಸಾಗವಾನಿ_ರಾಯಚೂರು:
ಸೀಲ್ ಡಬ್ಬಿ ಅಣ್ಣಾ, ಸೀಲ್ ಡಬ್ಬಿ. ನೀರು ಎಲ್ಲಿಂದ ಬರಬೇಕು ಸರ್? ರಾಯಚೂರಿನ ಏಪ್ರಿಲ್ ಬಿಸಿಲು ಇದು. ಕಂಪ್ರೆಸರ್ ಇಲ್ಲ, ಬ್ರಷ್‌ನಲ್ಲೇ ಹೊಡೆದದ್ದು. ಮರ ಚೆನ್ನಾಗಿ ಒಣಗಿದೆ. ಹಾಲ್‌ನಲ್ಲಿ ಕೂಲರ್ ಹಾಕಿಕೊಂಡು ಆರಾಮಾಗಿ ಕೆಲಸ ಮಾಡಿದೆ.

ರಸಾಯನ_ಕೊಪ್ಪಳ:
ಯಾವ ಕೂಲರ್? ನೀರು ತುಂಬುವುದಾ?

ಸಾಗವಾನಿ_ರಾಯಚೂರು:
ಹೌದು. ಮತ್ತೆ ಯಾವುದಿರುತ್ತದೆ ನಮ್ಮ ಕಡೆ?

ರಸಾಯನ_ಕೊಪ್ಪಳ:
ಹಾಗಾದರೆ ಬಾಗಿಲಿಗೆ ಹಸಿ ಗಾಳಿ ಬಿಡುತ್ತಲೇ ಇದ್ದಿರಿ. ಹೊರಗೆ ಎಷ್ಟೇ ಒಣ ಇರಲಿ, ಕಿಟಕಿ ಹಾಕಿದ ಕೋಣೆಯಲ್ಲಿ ಕೂಲರ್ ಓಡಿದರೆ ಗಾಳಿಯಲ್ಲಿ ನೀರು ತುಂಬಿಕೊಳ್ಳುತ್ತದೆ.

ಬ್ರಷ್_ಲಿಂಗಸುಗೂರು:
ಒಪ್ಪುವುದಿಲ್ಲ. ನಾನು ಕೂಲರ್ ಮುಂದೆಯೇ ಪಾಲಿಯುರೇಥೇನ್ ಹೊಡೆದಿದ್ದೇನೆ. ಕಪಾಟು, ಟೀಪಾಯಿ, ಎಲ್ಲ ಕನ್ನಡಿ.

ರಸಾಯನ_ಕೊಪ್ಪಳ:
ನಿಮ್ಮದು ಒಂದೇ ಡಬ್ಬಿಯದೋ, ಎರಡು ಡಬ್ಬಿ ಕಲಸುವುದೋ?

ಬ್ರಷ್_ಲಿಂಗಸುಗೂರು:
ಒಂದೇ ಡಬ್ಬಿ. ಅದೂ ಪಾಲಿಯುರೇಥೇನೇ ಅಲ್ವಾ?

ರಸಾಯನ_ಕೊಪ್ಪಳ:
ಹೆಸರು ಅದೇ. ಆದರೆ ಎಣ್ಣೆ ಬೆರೆತ ಒಂದು ಡಬ್ಬಿಯ ವಾರ್ನಿಶ್‌ನಲ್ಲಿ ಯುರೇಥೇನ್ ಕೊಂಡಿ ಕಾರ್ಖಾನೆಯಲ್ಲೇ ಆಗಿರುತ್ತದೆ. ಅದು ಗಾಳಿಯ ಆಮ್ಲಜನಕದಿಂದ ಗಟ್ಟಿಯಾಗುತ್ತದೆ. ನೀರಿನ ಜೊತೆ ಸೇರಿ ಗುಳ್ಳೆ ಎಬ್ಬಿಸುವ ಐಸೊಸಯನೇಟ್ ಅದರಲ್ಲಿ ಉಳಿದಿರುವುದಿಲ್ಲ. ಎರಡನ್ನೂ ಹೋಲಿಸಬೇಡಿ.

ಬ್ರಷ್_ಲಿಂಗಸುಗೂರು:
ನನ್ನ ಟೀಪಾಯಿ ಫಿನಿಶ್ ನೋಡಿದವರೆಲ್ಲ ಎರಡು ಡಬ್ಬಿಯದೇ ಅಂದುಕೊಂಡರು. ಬ್ರಷ್ ಹಿಡಿಯುವ ಕೈ ಮುಖ್ಯ.

ಸಾಗವಾನಿ_ರಾಯಚೂರು:
ಕೂಲರ್ ಆರಿಸಿ, ಕಿಟಕಿ ತೆಗೆದು, ಬೆಳಗಿನ ತಂಪಿನಲ್ಲಿ ಒಂದು ತುಂಡು ಹಲಗೆಗೆ ಹೊಡೆದು ನೋಡಿದೆ. ಗುಳ್ಳೆ ಬಹಳ ಕಡಿಮೆಯಾಯಿತು. ಆದರೆ ಪೂರ್ತಿ ಹೋಗಿಲ್ಲ.

ಉಳಿಸುತ್ತಿಗೆ_ಸಿರುಗುಪ್ಪ:
ನೋಡಿದಿರಾ, ಬರೀ ಕೂಲರ್ ಅಲ್ಲ. ಕೋಟ್ ದಪ್ಪ ಆಗಿದ್ದರೆ ಸೆಕೆಗೆ ಮೇಲೆ ಬೇಗ ಕೆನೆ ಕಟ್ಟುತ್ತದೆ. ಒಳಗಿನ ಥಿನ್ನರ್ ಹೊರಗೆ ಬರಲಾಗದೆ ಗುಳ್ಳೆ ಎಬ್ಬಿಸುತ್ತದೆ. ನಿಧಾನಕ್ಕೆ ಆರುವ ಥಿನ್ನರ್ ತನ್ನಿ, ಕೋಟ್ ತೆಳ್ಳಗೆ ಎಳೆಯಿರಿ.

ರಸಾಯನ_ಕೊಪ್ಪಳ:
ಈ ಮಾತು ಸರಿ. ಜೊತೆಗೆ ಇನ್ನೊಂದು ನೋಡಿ: ಹಾರ್ಡ್ನರ್ ಡಬ್ಬಿ ಯಾವಾಗ ತೆರೆದದ್ದು?

ಸಾಗವಾನಿ_ರಾಯಚೂರು:
ಹೋದ ಮಳೆಗಾಲದಲ್ಲಿ ದೇವರ ಮನೆ ಬಾಗಿಲಿಗೆ ಅರ್ಧ ಬಳಸಿದ್ದು. ಮುಚ್ಚಳದ ಸುತ್ತ ಬೆಳ್ಳಗೆ ಕಟ್ಟಿಕೊಂಡಿದೆ, ಒಳಗೂ ಸ್ವಲ್ಪ ಮಂಜು ಮಂಜಾಗಿ ಕಾಣುತ್ತದೆ.

ರಸಾಯನ_ಕೊಪ್ಪಳ:
ಅದನ್ನು ಬಳಸಬೇಡಿ. ಆಗಲೇ ತೇವ ಎಳೆದುಕೊಂಡಿದೆ. ಮುಚ್ಚಳ ಬಿಗಿಯಾಗಿ ಹಾಕಿಯೂ ಇಡಬೇಡಿ, ಒಳಗೆ ಅನಿಲ ಹುಟ್ಟಿ ಡಬ್ಬಿ ಉಬ್ಬುತ್ತದೆ. ಹೊಸ ಸೆಟ್ ತಂದು ಅದೇ ಹಲಗೆಯ ಇನ್ನೊಂದು ಬದಿಗೆ ಹೊಡೆಯಿರಿ. ಅಲ್ಲಿಯವರೆಗೆ ಬಾಗಿಲು ಮುಟ್ಟಬೇಡಿ.

ಶೂ_ಮಾನ್ವಿ:
ಮಧ್ಯೆ ಬಂದದ್ದಕ್ಕೆ ಬೇಜಾರಾಗಬೇಡಿ. ಪೆಟ್ಟಿಗೆಯಲ್ಲೇ ಇಟ್ಟಿದ್ದ ಶೂ ಸೋಲ್ ಪುಡಿಪುಡಿಯಾಗಿದೆ. ಅದೂ ಪಿಯು ಎಂದು ಬರೆದಿದೆ.

ಬೆಲ್ಟ್_ತೋರಣಗಲ್ಲು:
ಪಾಲಿಎಸ್ಟರ್ ಬಗೆಯ ಪಿಯು ಇರಬೇಕು ತಮ್ಮಾ. ಸವೆತಕ್ಕೆ, ಎಣ್ಣೆಗೆ ಜಗ್ಗುವುದಿಲ್ಲ. ಆದರೆ ಸೆಕೆ, ತೇವ ಸೇರಿದರೆ ಇಟ್ಟಲ್ಲೇ ಒಳಗಿಂದ ಮುರಿಯುತ್ತದೆ. ನೀರು ತಾಗುವ ಕಡೆ ನಾವು ಪಾಲಿಈಥರ್ ಬಗೆಯದನ್ನೇ ಕೇಳಿ ತರಿಸುತ್ತೇವೆ. ಇದಕ್ಕೆ ಬೇರೆ ಚರ್ಚೆ ತೆಗೆಯಿರಿ, ನನ್ನ ಬ್ಲೇಡ್ ಫೋಟೋನೂ ಅಲ್ಲೇ ಹಾಕುತ್ತೇನೆ.

ಸಾಗವಾನಿ_ರಾಯಚೂರು:
ಅಂಗಡಿಯಲ್ಲಿ ಹಾರ್ಡ್ನರ್ ಒಂದನ್ನೇ ಕೊಡುವುದಿಲ್ಲ, ಪೂರ್ತಿ ಸೆಟ್ ತಗೊಳ್ಳಿ ಅಂತಾರೆ. ನನ್ನ ಹತ್ತಿರ ಬೇಸ್ ಇನ್ನೂ ಮುಕ್ಕಾಲು ಡಬ್ಬಿ ಇದೆ. ಬೇರೆ ಕಂಪನಿಯ ಹಾರ್ಡ್ನರ್ ನಡೆಯುತ್ತದಾ?

ಉಳಿಸುತ್ತಿಗೆ_ಸಿರುಗುಪ್ಪ:
ನಡೆಯುತ್ತದೆ, ನಾವು ಹಾಕುತ್ತೇವೆ.

ರಸಾಯನ_ಕೊಪ್ಪಳ:
ಬೇಡ. ಒಂದೊಂದು ಹಾರ್ಡ್ನರ್‌ನಲ್ಲಿ ಐಸೊಸಯನೇಟ್ ಪ್ರಮಾಣ ಒಂದೊಂದು ಥರ. ಅಳತೆ ತಪ್ಪುತ್ತದೆ. ತಲೆಬಾಗಿಲು ಅದು, ಪೂರ್ತಿ ಸೆಟ್ಟೇ ತನ್ನಿ.